ರೇಟ್ ಇಳಿಸಿದ್ದು ಸಾಕು, ರಾಶಿ ಇಳಿಸಿ: ಕಂಪನಿಗಳ ಲೀಗಲ್ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಮೆರಿಕದ ಕೋರ್ಟುಗಳಲ್ಲಿ ಕೇಸು ನಡೆಸುವ ಕಂಪನಿಗಳ ಕಾನೂನು ವಿಭಾಗವನ್ನು ನೋಡಿಕೊಳ್ಳುವ ನಿಮಗೆಲ್ಲ ಈ ಪತ್ರ. ಹೊರಗಿನ ಲಾ ಫರ್ಮ್‌ಗಳು ಕಳಿಸುವ ಬಿಲ್‌ಗಳನ್ನು ಸಾಲು ಸಾಲಾಗಿ ಓದುವುದು ನನ್ನ ಕೆಲಸ. ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದನ್ನು ಕೇಳಬೇಕು ಎಂದು ಗುರುತು ಹಾಕಿ ನಿಮ್ಮ ಟೇಬಲ್‌ಗೆ ಕಳಿಸುತ್ತೇನೆ. ಹೀಗಾಗಿ ನಿಮ್ಮ ದುಡ್ಡು ಎಲ್ಲಿ ಸೋರುತ್ತಿದೆ ಅನ್ನೋದು ನನಗೆ ತಿಂಗಳು ತಿಂಗಳೂ ಕಾಣುತ್ತದೆ. ಫರ್ಮ್‌ಗಳಿಗೂ ಕಾಣುತ್ತದೆ. ನಿಮಗೆ ಕಾಣುವ ಹೊತ್ತಿಗೆ ಮಾತ್ರ ತಡವಾಗಿರುತ್ತದೆ.

ಡಾಕ್ಯುಮೆಂಟ್ ರಿವ್ಯೂ, ಅಂದರೆ ಕೇಸಿನ ದಾಖಲೆಗಳ ರಾಶಿಯನ್ನು ಓದಿ ವಿಂಗಡಿಸುವ ಕೆಲಸ, ಅದರ ಬಿಲ್ ಬಂದಾಗ ನೀವು ಮಾಡುವ ಮೊದಲ ಕೆಲಸ ರೇಟ್ ಬಗ್ಗೆ ಚೌಕಾಸಿ. ಗಂಟೆಗೆ ಇಷ್ಟಾ? ಹತ್ತು ಪರ್ಸೆಂಟ್ ಬಿಡಿ. ಫರ್ಮ್ ಸ್ವಲ್ಪ ಮುಖ ಹುಳ್ಳಗೆ ಮಾಡಿಕೊಂಡು ಬಿಡುತ್ತದೆ. ನಿಮಗೂ ಖುಷಿ, ಅವರಿಗೂ ನಷ್ಟವಿಲ್ಲ. ಯಾಕೆಂದರೆ ಬಿಲ್ ಎಷ್ಟಾಗಬೇಕು ಅನ್ನೋದು ಅಷ್ಟರಲ್ಲಿ ತೀರ್ಮಾನವಾಗಿ ಎಷ್ಟೋ ತಿಂಗಳಾಗಿರುತ್ತದೆ. ಎಷ್ಟು ಜನರ ಮೇಲ್‌ಬಾಕ್ಸ್ ತೆಗೆದುಕೊಳ್ಳಬೇಕು, ಅದರಲ್ಲಿ ಎಷ್ಟನ್ನು ಮನುಷ್ಯರು ಓದಬೇಕು, ಒಂದೊಂದನ್ನೂ ಎಷ್ಟು ಸಲ ತೆರೆಯಬೇಕು. ದುಡ್ಡು ಇರುವುದು ಈ ಮೂರರಲ್ಲಿ. ಇವನ್ನು ತೀರ್ಮಾನಿಸಿದ ಮೀಟಿಂಗ್‌ನಲ್ಲಿ ನಿಮ್ಮ ಕಡೆಯಿಂದ ಎಷ್ಟೋ ಸಲ ಯಾರೂ ಇರುವುದಿಲ್ಲ.

ಈ ಲೋಕದ ಹೊರಗಿನವರೂ ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. ಅಮೆರಿಕದ ಸಿವಿಲ್ ಕೇಸುಗಳಲ್ಲಿ ಡಿಸ್ಕವರಿ ಎಂಬ ಹಂತವಿದೆ. ಎದುರು ಪಕ್ಷ ಕೇಳಿದರೆ, ಕೇಸಿಗೆ ಸಂಬಂಧಪಟ್ಟ ನಿಮ್ಮ ಮೇಲ್, ಫೈಲ್, ಚಾಟ್ ಎಲ್ಲವನ್ನೂ ಕೊಡಬೇಕು. ಕೊಡುವ ಮೊದಲು ಯಾರಾದರೂ ಕೂತು ನೋಡಬೇಕು: ಇದು ಕೇಸಿಗೆ ಸಂಬಂಧಪಟ್ಟಿದ್ದಾ? ವಕೀಲರ ಜೊತೆಗಿನ ಗುಟ್ಟಿನ ಮಾತಾ, ಅಂದರೆ ಪ್ರಿವಿಲೆಜ್ ಇದೆಯಾ? ಯಾವುದನ್ನು ಕಪ್ಪು ಬಳಿದು ಮುಚ್ಚಬೇಕು? ಇದೇ ಡಾಕ್ಯುಮೆಂಟ್ ರಿವ್ಯೂ. ಕೇಳಲು ಸುಲಭ. ಸಂಖ್ಯೆ ಲಕ್ಷಕ್ಕೆ ಏರಿದಾಗ ಕಥೆಯೇ ಬೇರೆ.

ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2012ರಲ್ಲಿ 8 ದೊಡ್ಡ ಕಂಪನಿಗಳ 57 ಕೇಸುಗಳನ್ನು ತೆಗೆದುಕೊಂಡು ಲೆಕ್ಕ ಹಾಕಿತ್ತು. ಎಲೆಕ್ಟ್ರಾನಿಕ್ ದಾಖಲೆ ಒಪ್ಪಿಸಲು ಖರ್ಚಾಗುವ ಪ್ರತಿ ಡಾಲರ್‌ನಲ್ಲಿ ಸುಮಾರು 73 ಸೆಂಟ್ ರಿವ್ಯೂಗೇ ಹೋಗುತ್ತಿತ್ತು. ಫೈಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಸಂಸ್ಕರಿಸಲು 19 ಸೆಂಟ್, ಒಟ್ಟುಗೂಡಿಸಲು ಬರೀ 8 ಸೆಂಟ್. ನೀವು ಹೆಚ್ಚು ಹೊತ್ತು ಚರ್ಚೆ ಮಾಡುವುದು ಸಾಫ್ಟ್‌ವೇರ್ ಕಂಪನಿಯ ಕೊಟೇಶನ್ ಮೇಲೆ. ಅದು ಆ 19 ಸೆಂಟ್‌ನ ಬಾಬ್ತು.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. 5 ಲಕ್ಷ ಡಾಕ್ಯುಮೆಂಟ್ ಇದೆ ಅಂದುಕೊಳ್ಳಿ. ಒಬ್ಬ ರಿವ್ಯೂವರ್ ಗಂಟೆಗೆ 50 ನೋಡುತ್ತಾರೆ ಅಂದುಕೊಳ್ಳಿ. 10,000 ಗಂಟೆ ಆಯಿತು. ರೇಟ್‌ನಲ್ಲಿ ಶೇ. 10 ಇಳಿಸಿದರೆ 1,000 ಗಂಟೆಯ ದುಡ್ಡು ಉಳಿಯುತ್ತದೆ. ಆ 5 ಲಕ್ಷದಲ್ಲಿ 2 ಲಕ್ಷವನ್ನು ಯಾರೂ ತೆರೆಯುವ ಅಗತ್ಯವೇ ಇಲ್ಲದಂತೆ ಮಾಡಿದರೆ 4,000 ಗಂಟೆ ಉಳಿಯುತ್ತದೆ. ಅಷ್ಟೇ ಅಲ್ಲ, ಆ 2 ಲಕ್ಷವನ್ನು ಎರಡನೇ ಸಲ ನೋಡುವುದು, ಕ್ವಾಲಿಟಿ ಚೆಕ್ ಮಾಡುವುದು, ತಿಂಗಳು ತಿಂಗಳೂ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಉಳಿಯಿತು. ಹೀಗಿದ್ದೂ ನಿಮ್ಮ ಕಂಪನಿಯಲ್ಲಿ ಡಿಸ್ಕೌಂಟ್ ತಂದವರಿಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ರಾಶಿ ಇಳಿಸಿದವರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ.

ರಾಶಿ ಇಳಿಸುವುದು ಹೇಗೆ? ಒಂದು ಮೇಲ್ ತೆಗೆದುಕೊಂಡು ನೋಡೋಣ. ಯಾರೋ ಒಬ್ಬರು ಆರು ಜನರಿಗೆ ಬರೆಯುತ್ತಾರೆ: ನಾಳೆಯ ಮೀಟಿಂಗ್ ಎಷ್ಟು ಗಂಟೆಗೆ? ಒಬ್ಬರು ರಿಪ್ಲೈ ಆಲ್ ಒತ್ತುತ್ತಾರೆ. ಇನ್ನೊಬ್ಬರು ಓಕೆ ಅನ್ನುತ್ತಾರೆ. ಮತ್ತೊಬ್ಬರು ಥ್ಯಾಂಕ್ಸ್ ಅನ್ನುತ್ತಾರೆ. ಹೀಗೆ ಒಟ್ಟು 14 ಮೇಲ್ ಆಯಿತು ಅಂದುಕೊಳ್ಳಿ. ಆ ಆರೂ ಜನರ ಮೇಲ್‌ಬಾಕ್ಸ್ ನಿಮ್ಮ ಪಟ್ಟಿಯಲ್ಲಿದ್ದರೆ 84 ಡಾಕ್ಯುಮೆಂಟ್. ಏನೂ ಮಾಡದಿದ್ದರೆ 84 ಸಲ ಯಾರೋ ಅದನ್ನು ತೆರೆದು, ಓದಿ, ಸಂಬಂಧವಿಲ್ಲ ಎಂದು ಕ್ಲಿಕ್ ಮಾಡುತ್ತಾರೆ. ಪ್ರತಿ ಕ್ಲಿಕ್‌ಗೂ ನೀವು ದುಡ್ಡು ಕೊಡುತ್ತೀರಿ. ಎಲ್ಲ ಮೇಲ್‌ಬಾಕ್ಸ್‌ಗಳನ್ನೂ ಸೇರಿಸಿ ನಕಲು ತೆಗೆದುಹಾಕಿದರೆ, ಅಂದರೆ ಗ್ಲೋಬಲ್ ಡಿಡ್ಯೂಪ್ ಮಾಡಿದರೆ, 84 ಹೋಗಿ 14 ಆಗುತ್ತದೆ. ಕೊನೆಯ ಮೇಲ್‌ನಲ್ಲಿ ಹಿಂದಿನದೆಲ್ಲ ಕೆಳಗೆ ಇದ್ದೇ ಇರುತ್ತದಲ್ವಾ? ಥ್ರೆಡ್ಡಿಂಗ್ ಮಾಡಿ, ಅಂದರೆ ಒಂದೇ ಮಾತುಕತೆಯ ಮೇಲ್‌ಗಳನ್ನು ಒಟ್ಟಿಗೆ ಪೋಣಿಸಿ, ಅದನ್ನಷ್ಟೇ ತೋರಿಸಿದರೆ 14 ಹೋಗಿ ಒಂದೋ ಎರಡೋ ಉಳಿಯುತ್ತದೆ. ಮಧ್ಯದಲ್ಲಿ ಯಾರಾದರೂ ಅಟ್ಯಾಚ್‌ಮೆಂಟ್ ಹಾಕಿದ್ದರೆ ಅಥವಾ ದಾರಿ ತಪ್ಪಿ ಬೇರೆಯವರಿಗೆ ಉತ್ತರಿಸಿದ್ದರೆ ಮಾತ್ರ ಅದನ್ನು ಬೇರೆಯಾಗಿ ನೋಡಬೇಕು.

ಇದರಲ್ಲಿ ಯಾವುದೂ ಹೊಸ ತಂತ್ರಜ್ಞಾನವಲ್ಲ. ನಕಲು ಗುರುತಿಸಲು ಪ್ರತಿ ಫೈಲ್‌ಗೂ ಹ್ಯಾಶ್ ಎಂಬ ಬೆರಳಚ್ಚಿನಂಥ ಸಂಖ್ಯೆ ತೆಗೆಯುತ್ತಾರೆ, ಎರಡು ಒಂದೇ ಆಗಿದ್ದರೆ ಒಂದು ಹೋಯಿತು. ಕಂಪ್ಯೂಟರ್ ಜೊತೆಗೇ ಬರುವ ಸಿಸ್ಟಮ್ ಫೈಲ್‌ಗಳನ್ನು ತೆಗೆಯಲು ಅಮೆರಿಕದ ಎನ್‌ಐಎಸ್‌ಟಿ ಎಂಬ ಸರ್ಕಾರಿ ಮಾನದಂಡ ಸಂಸ್ಥೆಯ ಸಿದ್ಧ ಪಟ್ಟಿಯೇ ಇದೆ. ಇದರ ಪರಿಣಾಮ ಎಷ್ಟಿರಬಹುದು ಅನ್ನೋದಕ್ಕೆ ಇಂಗ್ಲೆಂಡಿನ ಪಿರೋ ಕೇಸು ನೋಡಿ. 2016ರಲ್ಲಿ ಲಂಡನ್ ಹೈಕೋರ್ಟ್ ಮುಂದೆ ಬಂದ ಆ ಕೇಸಿನಲ್ಲಿ ಶುರುವಿಗೆ 1.76 ಕೋಟಿಗಿಂತ ಹೆಚ್ಚು ಫೈಲ್‌ಗಳಿದ್ದವು. ನಕಲು ತೆಗೆದ ಮೇಲೆ ಉಳಿದದ್ದು ಸುಮಾರು 31 ಲಕ್ಷ. ಒಬ್ಬ ವಕೀಲರೂ ಒಂದು ಪುಟ ಓದುವ ಮೊದಲೇ ಇಷ್ಟು ಕರಗಿತು.

ಇಷ್ಟು ಗೊತ್ತಿದ್ದೂ ಬಿಲ್‌ಗಳಲ್ಲಿ ನನಗೆ ಕಾಣುವುದೇನು? ಡಿಡ್ಯೂಪ್ ಮಾಡಿರುತ್ತಾರೆ, ಆದರೆ ಒಬ್ಬೊಬ್ಬರ ಮೇಲ್‌ಬಾಕ್ಸ್ ಒಳಗೆ ಮಾತ್ರ. ಆರು ಜನರಿಗೆ ಹೋದ ಮೇಲ್ ಆರು ಸಲ ಹಾಗೇ ಉಳಿದಿರುತ್ತದೆ. ಥ್ರೆಡ್ಡಿಂಗ್‌ಗೆ ಚಾರ್ಜ್ ಹಾಕಿರುತ್ತಾರೆ, ಆದರೆ ರಿವ್ಯೂವರ್‌ಗಳಿಗೆ ಕೊಟ್ಟ ಬ್ಯಾಚ್‌ನಲ್ಲಿ ಅದನ್ನು ಬಳಸಿರುವುದಿಲ್ಲ. ಕೇಳಿದರೆ, ಪಾರ್ಟ್ನರ್ ಎಲ್ಲವನ್ನೂ ನೋಡಲು ಹೇಳಿದರು ಅನ್ನುತ್ತಾರೆ. ಆ ಪಾರ್ಟ್ನರ್‌ಗೆ ಹಾಗೆ ಹೇಳಲು ಖರ್ಚೇನೂ ಇಲ್ಲ.

ಫರ್ಮ್‌ಗಳನ್ನು ಕಳ್ಳರು ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ವಕೀಲರಿಗೆ ಇರುವುದು ಭಯ. ಒಂದು ಮುಖ್ಯ ಮೇಲ್ ಬಿಟ್ಟುಹೋದರೆ ಜಡ್ಜ್ ಮುಂದೆ ನಿಲ್ಲಬೇಕಾದವರು ಅವರು. ಆ ಭಯದ ಖರ್ಚು ನಿಮ್ಮದು, ಆದಾಯ ಅವರದು. ಭಯ ಮತ್ತು ಆದಾಯ ಒಂದೇ ಕಡೆಗೆ ಎಳೆಯುವಾಗ ರಾಶಿ ತಾನಾಗಿಯೇ ಚಿಕ್ಕದಾಗಲಿ ಎಂದು ಕಾಯುತ್ತಾ ಕೂತರೆ ಆಗುವುದಿಲ್ಲ.

ಇನ್ನೊಂದು ನಂಬಿಕೆ ಇದೆ. ಮನುಷ್ಯರು ಒಂದೊಂದಾಗಿ ಓದಿದರೆ ಏನೂ ತಪ್ಪಿಹೋಗುವುದಿಲ್ಲ ಅಂತ. ಅದಕ್ಕೆ ಆಧಾರ ಕಡಿಮೆ. ಒಂದು ದೊಡ್ಡ ಟೆಲಿಕಾಂ ಕಂಪನಿ ಖರೀದಿಯ ಸಮಯದಲ್ಲಿ ಸರ್ಕಾರಕ್ಕೆ ದಾಖಲೆ ಒಪ್ಪಿಸಲು 225 ವಕೀಲರು ಸುಮಾರು 4 ತಿಂಗಳು ರಿವ್ಯೂ ಮಾಡಿದ್ದರು. ಖರ್ಚು ಸುಮಾರು 1.36 ಕೋಟಿ ಡಾಲರ್. ಆಮೇಲೆ ಸಂಶೋಧಕರು ಅದರಲ್ಲಿ 5,000 ಡಾಕ್ಯುಮೆಂಟ್‌ಗಳನ್ನು ತೆಗೆದು ಎರಡು ಹೊಸ ತಂಡಗಳಿಗೆ ಕೊಟ್ಟರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡರಲ್ಲಿ ಒಂದು ತಂಡವಾದರೂ ಸಂಬಂಧಪಟ್ಟಿದ್ದು ಎಂದ ಡಾಕ್ಯುಮೆಂಟ್‌ಗಳಲ್ಲಿ, ಎರಡೂ ತಂಡಗಳು ಒಪ್ಪಿದ್ದು ಶೇ. 28ರಷ್ಟನ್ನು ಮಾತ್ರ. ತರಬೇತಿ ಪಡೆದವರು, ಅದೇ ಡಾಕ್ಯುಮೆಂಟ್, ಅದೇ ಪ್ರಶ್ನೆ. ನೀವು ಬಂಗಾರದ ಬೆಲೆ ಕೊಡುತ್ತಿರುವ ಅಳತೆಗೋಲು ಇಷ್ಟು ಅಲ್ಲಾಡುತ್ತದೆ.

ಹಾಗಾದರೆ ಕೀವರ್ಡ್ ಹುಡುಕಾಟ ಸಾಕಾ? ಅದೂ ಸಾಲದು. 1985ರಲ್ಲೇ ಬ್ಲೇರ್ ಮತ್ತು ಮ್ಯಾರನ್ ಎಂಬ ಸಂಶೋಧಕರು ಸುಮಾರು 40,000 ಡಾಕ್ಯುಮೆಂಟ್‌ಗಳಿದ್ದ ಒಂದು ರೈಲು ಅಪಘಾತದ ಕೇಸಿನಲ್ಲಿ ಇದನ್ನು ಅಳೆದು ನೋಡಿದರು. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಎಂದು ವಕೀಲರು ನಂಬಿದ್ದರು. ನಿಜವಾಗಿ ಸಿಕ್ಕಿದ್ದು ಸುಮಾರು ಐದರಲ್ಲಿ ಒಂದು ಪಾಲು. ಒಂದು ಪಕ್ಷದವರು ಅಪಘಾತ ಅಂದರೆ ಇನ್ನೊಂದು ಪಕ್ಷದವರು ಘಟನೆ ಅಂದಿದ್ದರು, ಮತ್ತೊಬ್ಬರು ಕಳೆದ ವಾರದ ಆ ಸಂಗತಿ ಎಂದು ಬರೆದಿದ್ದರು. ಕೀವರ್ಡ್‌ಗಳ ಇನ್ನೊಂದು ಮುಖ ಬಿಲ್‌ನಲ್ಲಿ ಕಾಣುತ್ತದೆ. ಎದುರು ಪಕ್ಷ ಕಳಿಸಿದ ಪಟ್ಟಿಯಲ್ಲಿ ನಿಮ್ಮ ಕಂಪನಿಯ ಹೆಸರೇ ಒಂದು ಕೀವರ್ಡ್ ಆಗಿರುತ್ತದೆ. ಪ್ರತಿ ಮೇಲ್‌ನ ಕೊನೆಯ ಸಹಿಯಲ್ಲೂ ಅದು ಇದೆ. ಎಲ್ಲ ಮೇಲ್ ಒಳಗೆ ಬಂತು! ಒಪ್ಪುವ ಮೊದಲು ಯಾವ ಪದಕ್ಕೆ ಎಷ್ಟು ಹಿಟ್ ಬರುತ್ತದೆ ಎಂಬ ವರದಿ ತರಿಸಿಕೊಂಡಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಮಾತು ಅದು.

ಇಲ್ಲಿಂದ ಮುಂದೆ ಬರುವುದು ಪ್ರಿಡಿಕ್ಟಿವ್ ಕೋಡಿಂಗ್, ಅಥವಾ ಎಲ್ಲರೂ ಟಿಎಆರ್ (ಟೆಕ್ನಾಲಜಿ ಅಸಿಸ್ಟೆಡ್ ರಿವ್ಯೂ) ಎನ್ನುವ ಪದ್ಧತಿ. ಕೇಸು ಗೊತ್ತಿರುವ ವಕೀಲರು ಒಂದಷ್ಟು ಡಾಕ್ಯುಮೆಂಟ್ ನೋಡಿ ಹೌದು, ಅಲ್ಲ ಎಂದು ಗುರುತು ಹಾಕುತ್ತಾರೆ. ಸಾಫ್ಟ್‌ವೇರ್ ಅದರಿಂದ ಕಲಿತು ಉಳಿದದ್ದನ್ನು ಸಾಲಾಗಿ ಜೋಡಿಸುತ್ತದೆ. ಹೌದು ಆಗುವ ಸಾಧ್ಯತೆ ಜಾಸ್ತಿ ಇರುವುದು ಮೇಲೆ ಬರುತ್ತದೆ. ಓದುತ್ತಾ ಹೋಗುತ್ತೀರಿ, ಅದು ಕಲಿಯುತ್ತಾ ಹೋಗುತ್ತದೆ. ಹೌದುಗಳು ಬರುವುದು ನಿಂತಾಗ ನೀವೂ ನಿಲ್ಲಿಸುತ್ತೀರಿ. ಓದದೆ ಬಿಟ್ಟ ರಾಶಿಯಿಂದ ಯಾದೃಚ್ಛಿಕವಾಗಿ ಒಂದು ಹಿಡಿ ತೆಗೆದು, ಬೇಕಾದದ್ದು ಅದರಲ್ಲಿ ಉಳಿದುಹೋಗಿದೆಯಾ ಎಂದು ಪರೀಕ್ಷಿಸುತ್ತೀರಿ. ಈ ಪರೀಕ್ಷೆ ಬಿಡಲೇಬಾರದು. ಕೋರ್ಟಿನಲ್ಲಿ ನಿಮ್ಮನ್ನು ಕಾಪಾಡುವುದು ಅದೇ.

ಕೋರ್ಟ್ ಇದನ್ನು ಒಪ್ಪುತ್ತದಾ ಎಂದು ಇನ್ನೂ ಕೇಳುವವರಿದ್ದಾರೆ. ನ್ಯೂಯಾರ್ಕಿನ ಫೆಡರಲ್ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಾಗಿದ್ದ ಆಂಡ್ರೂ ಪೆಕ್ 2012ರಲ್ಲೇ ಡ ಸಿಲ್ವಾ ಮೂರ್ ಕೇಸಿನಲ್ಲಿ ಒಪ್ಪಿದರು. 2015ರ ರಿಯೋ ಟಿಂಟೋ ಕೇಸಿನಲ್ಲಿ, ದಾಖಲೆ ಕೊಡುವ ಪಕ್ಷ ಇದನ್ನು ಬಳಸುತ್ತೇನೆ ಎಂದರೆ ಕೋರ್ಟ್ ಬಿಡುತ್ತದೆ ಅನ್ನೋದು ಈಗ ಸ್ಥಾಪಿತ ಕಾನೂನು ಎಂದರು. ಮೇಲೆ ಹೇಳಿದ ಪಿರೋ ಕೇಸಿನಲ್ಲಿ ಇಂಗ್ಲೆಂಡೂ ಒಪ್ಪಿತು. 2016ರ ಹೈಲ್ಸ್ ಕೇಸಿನಲ್ಲಿ ಅದೇ ಪೆಕ್, ಬೇಡ ಅನ್ನುವ ಪಕ್ಷದ ಮೇಲೆ ಇದನ್ನು ಹೇರಲು ಆಗುವುದಿಲ್ಲ ಎಂದೂ ಹೇಳಿದ್ದಾರೆ. ಅಂದರೆ ಬಳಸಬೇಕಾ ಬೇಡವಾ ಅನ್ನೋದು ಪೂರ್ತಿ ನಿಮ್ಮ ಕೈಯಲ್ಲಿದೆ. ಹೊರಗಿನ ವಕೀಲರು ಬೇಡ ಅಂದರೆ, ಯಾಕೆ ಬೇಡ ಎಂದು ಬರವಣಿಗೆಯಲ್ಲಿ ಕೊಡಿ ಅನ್ನಿ. ನನ್ನ ಅನುಭವದಲ್ಲಿ ಎಷ್ಟೋ ಆಕ್ಷೇಪಗಳು ಆ ಒಂದು ಮಾತಿಗೇ ಮೆತ್ತಗಾಗುತ್ತವೆ.

ಈಗ ಜನರೇಟಿವ್ ಎಐ ಬಂದಿದೆ. ಒಂದು ಡಾಕ್ಯುಮೆಂಟ್‌ಗೆ ಇಷ್ಟು ಎಂದು ಚಾರ್ಜ್ ಹಾಕುತ್ತಾರೆ. ಅದರ ಗುಣಾವಗುಣ ಇಲ್ಲಿ ಬೇಡ, ಬಿಲ್ ಮಾತ್ರ ನೋಡೋಣ. ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್, ವೃತ್ತಿ ನೀತಿಯ ಬಗ್ಗೆ ಜುಲೈ 2024ರಲ್ಲಿ ಕೊಟ್ಟ 512ನೇ ಅಭಿಪ್ರಾಯದಲ್ಲಿ ಸ್ಪಷ್ಟವಾಗಿ ಹೇಳಿದೆ: ಗಂಟೆ ಲೆಕ್ಕದಲ್ಲಿ ಫೀ ತೆಗೆದುಕೊಳ್ಳುವ ವಕೀಲರು ಎಐ ಬಳಸಿದರೆ, ನಿಜವಾಗಿ ಕೆಲಸ ಮಾಡಿದ ಸಮಯಕ್ಕಷ್ಟೇ ಬಿಲ್ ಹಾಕಬೇಕು. ಹತ್ತು ಗಂಟೆಯ ಕೆಲಸ ಒಂದು ಗಂಟೆಯಲ್ಲಿ ಮುಗಿದರೆ ಒಂದು ಗಂಟೆ. ಫರ್ಮ್ ಜೊತೆಗಿನ ನಿಮ್ಮ ಒಪ್ಪಂದ ಪತ್ರದಲ್ಲಿ (ಎಂಗೇಜ್‌ಮೆಂಟ್ ಲೆಟರ್) ಇದರ ಬಗ್ಗೆ ಒಂದು ಸಾಲು ಇದೆಯಾ? ತೆಗೆದು ನೋಡಿ.

ಇನ್ನು ಬಿಲ್‌ನ ಒಳಗೆ ಬರೋಣ. ನನಗೆ ತುಂಬಾ ಸಲ ಸಿಗುವ ಒಂದು ಸಾಲು ಹೀಗಿರುತ್ತದೆ: "ಡಾಕ್ಯುಮೆಂಟ್ ರಿವ್ಯೂ, ತಂಡದ ಜೊತೆ ಮಾತುಕತೆ, ಅದರ ಕುರಿತ ಇಮೇಲ್‌ಗಳು. 9.4 ಗಂಟೆ." ಇದಕ್ಕೆ ಬ್ಲಾಕ್ ಬಿಲ್ಲಿಂಗ್ ಅನ್ನುತ್ತಾರೆ. ಮೂರು ಕೆಲಸ, ಒಂದೇ ಗಂಟು. ಎಷ್ಟು ಹೊತ್ತು ಓದಿದರು, ಎಷ್ಟು ಹೊತ್ತು ಮಾತಾಡಿದರು? ಎಷ್ಟು ಡಾಕ್ಯುಮೆಂಟ್ ನೋಡಿದರು? ಮೊದಲ ಸಲವಾ, ಎರಡನೇ ಸಲವಾ? ಏನೂ ಗೊತ್ತಾಗುವುದಿಲ್ಲ. ವಿಚಿತ್ರವೆಂದರೆ ಉತ್ತರ ಎಲ್ಲೋ ಇದ್ದೇ ಇದೆ. ರಿವ್ಯೂ ಸಾಫ್ಟ್‌ವೇರ್ ಪ್ರತಿ ಕ್ಲಿಕ್ಕನ್ನೂ ಬರೆದಿಟ್ಟುಕೊಳ್ಳುತ್ತದೆ. ಯಾರು, ಯಾವ ಡಾಕ್ಯುಮೆಂಟ್, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತೆರೆದರು, ಯಾವ ಗುರುತು ಹಾಕಿದರು. ಆ ಲಾಗ್ ತರಿಸಿ ಬಿಲ್‌ನ ಪಕ್ಕ ಇಟ್ಟರೆ ಸಾಕು. 9.4 ಗಂಟೆ ಬಿಲ್ ಆದ ದಿನ ಲಾಗ್‌ನಲ್ಲಿ ಮಧ್ಯಾಹ್ನದಿಂದ ಒಂದೂ ಕ್ಲಿಕ್ ಇರುವುದಿಲ್ಲ, ಅಂಥ ದಿನಗಳೂ ಇವೆ. ಅದಕ್ಕೆ ಒಳ್ಳೆಯ ಕಾರಣವಿರಬಹುದು. ಅದನ್ನು ಹೇಳಲಿ.

ಕೆಲಸವನ್ನು ಬೇರೆ ಬೇರೆ ಮಾಡಿ ತೋರಿಸಲು ವ್ಯವಸ್ಥೆ ಇಲ್ಲದೇ ಏನಿಲ್ಲ. ಲೀಗಲ್ ಬಿಲ್‌ಗಳಲ್ಲಿ ಒಂದೊಂದು ಬಗೆಯ ಕೆಲಸಕ್ಕೂ ಹಾಕುವ ಯುಟಿಬಿಎಂಎಸ್ ಕೋಡ್‌ಗಳಲ್ಲಿ ಇ-ಡಿಸ್ಕವರಿಗೇ, ಅಂದರೆ ಎಲೆಕ್ಟ್ರಾನಿಕ್ ದಾಖಲೆಗಳ ಡಿಸ್ಕವರಿಗೇ ಎಂದು ಎಲ್600ರ ಸರಣಿ ಇದೆ. ಅದರಲ್ಲಿ ಮೊದಲ ರಿವ್ಯೂ, ಎರಡನೇ ರಿವ್ಯೂ, ಪ್ರಿವಿಲೆಜ್, ಕಪ್ಪು ಬಳಿಯುವುದು ಎಲ್ಲಕ್ಕೂ ಬೇರೆ ಬೇರೆ ಕೋಡ್. ಹೀಗಿದ್ದೂ ಎಲ್ಲವನ್ನೂ ದಾಖಲೆ ಒಪ್ಪಿಸುವುದಕ್ಕೆಂದು ಇರುವ ಹಳೆಯ ಎಲ್320 ಕೋಡ್‌ನಲ್ಲಿ ತುಂಬಿ ಕಳಿಸುತ್ತಾರೆ, ಯಾಕೆಂದರೆ ಯಾರೂ ಕೇಳುವುದಿಲ್ಲ. ಕೇಳಿ. ಕೋಡ್ ಬೇರೆಯಾದ ದಿನವೇ ಒಂದು ವಿಷಯ ಬಯಲಾಗುತ್ತದೆ: ಮೊದಲ ರಿವ್ಯೂಗಿಂತ ಅದನ್ನು ಮತ್ತೆ ಮತ್ತೆ ನೋಡಿದ್ದಕ್ಕೇ ಜಾಸ್ತಿ ಖರ್ಚಾಗಿರುವ ಕೇಸುಗಳಿವೆ. ಕಡಿಮೆ ರೇಟ್‌ನವರು ಓದಿದರು, ಮಧ್ಯದ ರೇಟ್‌ನವರು ಸರಿಯಿದೆಯಾ ನೋಡಿದರು, ದೊಡ್ಡ ರೇಟ್‌ನವರು ಅದನ್ನೇ ಇನ್ನೊಮ್ಮೆ ಪೂರ್ತಿ ನೋಡಿದರು. ಸ್ಯಾಂಪಲ್ ತೆಗೆದು ನೋಡಬೇಕಾದ ಕಡೆ ಎಲ್ಲವನ್ನೂ ನೋಡಿದರೆ ನೀವು ರೇಟ್‌ನಲ್ಲಿ ಗೆದ್ದದ್ದು ಅಲ್ಲೇ ಸೋತುಹೋಯಿತು.

ಗುರುತುಗಳ ವಿಷಯ ಸಣ್ಣದು ಅನ್ನಿಸಬಹುದು, ಆದರೆ ನನಗೆ ತುಂಬಾ ಸಿಟ್ಟು ಬರಿಸುವುದು ಅದೇ. ಸಂಬಂಧ ಇದೆಯಾ, ಪ್ರಿವಿಲೆಜ್ ಇದೆಯಾ ಎಂಬ ಎರಡು ಪ್ರಶ್ನೆಗೆ ನಿಲ್ಲಬೇಕಾದ ಪರದೆಯಲ್ಲಿ ಮೂವತ್ತು ಚೆಕ್‌ಬಾಕ್ಸ್ ಇರುತ್ತವೆ. ಒಪ್ಪಂದದ ಮಾತುಕತೆ, ಬೆಲೆ ಚರ್ಚೆ, ಮಾರ್ಕೆಟಿಂಗ್, ಹಾಗೆ ಹೀಗೆ. ಮುಂದೆ ಯಾವಾಗಲಾದರೂ ಬೇಕಾಗಬಹುದು ಎಂದು ಕಿರಿಯ ವಕೀಲರು ಸೇರಿಸಿದ್ದು. ಒಂದು ಡಾಕ್ಯುಮೆಂಟ್‌ಗೆ ಇದರಿಂದ ಬರೀ 5 ಸೆಕೆಂಡ್ ಜಾಸ್ತಿಯಾದರೂ 3 ಲಕ್ಷ ಡಾಕ್ಯುಮೆಂಟ್‌ಗೆ 416 ಗಂಟೆ ಮೀರುತ್ತದೆ. ಆ ಗುರುತುಗಳಲ್ಲಿ ಎಷ್ಟನ್ನು ಆಮೇಲೆ ಯಾರಾದರೂ ತೆರೆದು ನೋಡಿದರು ಎಂದು ಒಂದು ಕೇಸು ಮುಗಿದ ಮೇಲೆ ಕೇಳಿ ನೋಡಿ.

ರೇಟ್ ಬಗ್ಗೆ ಒಂದೇ ಒಂದು ಕಡೆ ಗಟ್ಟಿಯಾಗಿ ಕೇಳಲೇಬೇಕು. ರಿವ್ಯೂ ಮಾಡುವವರು ಬಹಳ ಸಲ ಫರ್ಮ್‌ನವರಲ್ಲ, ಏಜೆನ್ಸಿ ಕಳಿಸಿದ ಕಾಂಟ್ರಾಕ್ಟ್ ವಕೀಲರು. ಅವರಿಗೆ ಸಿಗುವುದೆಷ್ಟು, ನೀವು ಕೊಡುವುದೆಷ್ಟು? 2015ರಲ್ಲಿ ಎರಡನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಮುಂದೆ ಬಂದ ಒಂದು ಕೇಸಿನಲ್ಲಿ ಅಂಥ ಒಬ್ಬ ವಕೀಲರಿಗೆ ಗಂಟೆಗೆ 25 ಡಾಲರ್ ಸಿಗುತ್ತಿತ್ತು. ಓವರ್‌ಟೈಮ್ ಕೇಳಿ ಅವರು ಕೋರ್ಟಿಗೆ ಹೋಗಿದ್ದರು. ಕೆಲಸ ಬರೀ ಯಂತ್ರದಂತೆ ಗುರುತು ಹಾಕುವುದೇ ಆಗಿದ್ದರೆ ಅದು ವಕೀಲಿಕೆಯೇ ಆಗಲಿಕ್ಕಿಲ್ಲ ಎಂದು ಕೋರ್ಟ್ ಹೇಳಿತು. ಯೋಚಿಸಿ, ಅದೇ ಬಗೆಯ ಕೆಲಸ ನಿಮ್ಮ ಬಿಲ್‌ನಲ್ಲಿ ಯಾವ ರೇಟ್‌ಗೆ ಬರುತ್ತಿದೆ. ಬಾರ್ ಅಸೋಸಿಯೇಷನ್ 2000ದಲ್ಲೇ 420ನೇ ಅಭಿಪ್ರಾಯದಲ್ಲಿ ಗೆರೆ ಎಳೆದಿದೆ. ಕಾಂಟ್ರಾಕ್ಟ್ ವಕೀಲರ ಹಣವನ್ನು ಖರ್ಚು ಎಂದು ತೋರಿಸಿದರೆ ಕೊಟ್ಟಷ್ಟನ್ನೇ ಕೇಳಬೇಕು. ವಕೀಲಿ ಸೇವೆ ಎಂದು ತೋರಿಸಿದರೆ ಮೇಲೆ ಸೇರಿಸಬಹುದು, ಆದರೆ ಒಟ್ಟು ಫೀ ನ್ಯಾಯವಾಗಿರಬೇಕು. ನೀವು ಮೊದಲೇ ಖರ್ಚು ಎಂದೇ ಬರಬೇಕು ಎಂದು ಬರೆಸಿಕೊಂಡರೆ ಈ ತಕರಾರೇ ಇಲ್ಲ.

ಒಂದೇ ಗಂಟೆ ಎರಡು ಕಡೆ ಸೇರುವುದೂ ಉಂಟು. ಬೋಸ್ಟನ್‌ನ ಫೆಡರಲ್ ಕೋರ್ಟಿನಲ್ಲಿ ಒಂದು ಬ್ಯಾಂಕಿನ ವಿರುದ್ಧ 30 ಕೋಟಿ ಡಾಲರ್‌ಗೆ ರಾಜಿಯಾದ ಕ್ಲಾಸ್ ಆಕ್ಷನ್‌ನಲ್ಲಿ, ಅಂದರೆ ತುಂಬಾ ಜನರ ಪರವಾಗಿ ಒಟ್ಟಿಗೆ ಹೂಡಿದ ಕೇಸಿನಲ್ಲಿ, ಡಾಕ್ಯುಮೆಂಟ್ ನೋಡಿದ ಅದೇ ವಕೀಲರ ಗಂಟೆಗಳನ್ನು ಒಂದಕ್ಕಿಂತ ಹೆಚ್ಚು ಫರ್ಮ್‌ಗಳು ತಮ್ಮ ಲೆಕ್ಕದಲ್ಲಿ ತೋರಿಸಿದ್ದವು. ಹೊರಬಂದದ್ದು ಪತ್ರಿಕೆಯವರು ಕೇಳಿದ ಮೇಲೆ. ಕೊನೆಗೆ 2020ರಲ್ಲಿ ನ್ಯಾಯಾಧೀಶರು ಸುಮಾರು 7.5 ಕೋಟಿ ಡಾಲರ್ ಇದ್ದ ಫೀಯನ್ನು 6 ಕೋಟಿಗೆ ಇಳಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಗಬಹುದು, ಆದರೆ ಅಲ್ಲಿ ಬಾಗಿಲು ಹಾಕಲು ಒಬ್ಬ ಜಡ್ಜ್ ಆದರೂ ಇದ್ದರು. ನಿಮ್ಮ ತಿಂಗಳ ಬಿಲ್ ಯಾವ ಜಡ್ಜ್ ಮುಂದೆಯೂ ಹೋಗುವುದಿಲ್ಲ.

ಗಂಟೆ ಲೆಕ್ಕ ಬೇಡ, ಡಾಕ್ಯುಮೆಂಟ್‌ಗೆ ಇಷ್ಟು ಎಂದು ಕೊಡುತ್ತೇವೆ ಅನ್ನುವ ಕಂಪನಿಗಳೂ ಇವೆ. ಇದು ಸುಧಾರಣೆ ಎಂದು ಸಮ್ಮೇಳನಗಳಲ್ಲಿ ಚಪ್ಪಾಳೆ ಬೀಳುತ್ತದೆ. ನನಗೆ ಅಷ್ಟು ಖುಷಿಯಿಲ್ಲ. ಡಾಕ್ಯುಮೆಂಟ್ ಲೆಕ್ಕದಲ್ಲೂ ರಾಶಿ ದೊಡ್ಡದಾದಷ್ಟೂ ಅವರಿಗೆ ಲಾಭವೇ. ಜೊತೆಗೆ ಅವಸರ ಬೇರೆ ಸೇರಿಕೊಳ್ಳುತ್ತದೆ. ಓದುವವರು ಎರಡನೇ ಪುಟ ತಿರುಗಿಸದೆ ಕ್ಲಿಕ್ ಮಾಡುತ್ತಾರೆ, ಅದನ್ನು ಸರಿಮಾಡಲು ದೊಡ್ಡ ರೇಟ್‌ನವರು ಬರುತ್ತಾರೆ. ನನ್ನ ಕೇಳಿದರೆ ರಾಶಿ ಇಳಿಸುವ ಕೆಲಸವನ್ನು ಓದುವ ಕೆಲಸದಿಂದ ಬೇರೆ ಮಾಡಿ. ಇಳಿಸುವವರಿಗೆ ಬೇರೆ ಹಣ ಕೊಡಿ, ಓದುವುದರಿಂದ ಅವರಿಗೆ ಒಂದು ಪೈಸೆಯೂ ಹುಟ್ಟಬಾರದು. ಉಳಿದದ್ದನ್ನು ಓದಲು ಪೂರ್ತಿ ಹಂತಕ್ಕೆ ಒಂದು ಮೊತ್ತ ನಿಗದಿ ಮಾಡಿ. ಸಂಖ್ಯೆ ತೀರಾ ಏರಿದರೆ ಮತ್ತೆ ಕೂತು ಮಾತಾಡೋಣ ಎಂದು ಬರೆದಿಟ್ಟುಕೊಳ್ಳಿ.

ಪ್ರಿವಿಲೆಜ್ ರಿವ್ಯೂ ಎಲ್ಲಕ್ಕಿಂತ ದುಬಾರಿ, ಮತ್ತು ಅಲ್ಲೇ ಭಯವೂ ಜಾಸ್ತಿ. ವಕೀಲರ ಜೊತೆಗಿನ ಒಂದು ಮೇಲ್ ತಪ್ಪಿ ಎದುರು ಪಕ್ಷಕ್ಕೆ ಹೋದರೆ ಗುಟ್ಟಿನ ಹಕ್ಕೇ ಹೋಯಿತು ಎಂಬ ಕಾಲವಿತ್ತು. 2008ರಲ್ಲಿ ಬಂದ ಫೆಡರಲ್ ಸಾಕ್ಷ್ಯ ನಿಯಮ 502 ಇದನ್ನು ಬದಲಿಸಿತು. ಅದರ ಡಿ ಭಾಗದಡಿ ಕೋರ್ಟಿನಿಂದ ಆದೇಶ ತೆಗೆದುಕೊಂಡರೆ, ಈ ಕೇಸಿನಲ್ಲಿ ಹೊರಗೆ ಹೋದದ್ದರಿಂದ ಹಕ್ಕು ಹೋಗುವುದಿಲ್ಲ, ಬೇರೆ ಫೆಡರಲ್ ಅಥವಾ ರಾಜ್ಯ ಕೋರ್ಟುಗಳಲ್ಲೂ ಹೋಗುವುದಿಲ್ಲ. ಅಂಥ ಆದೇಶ ಕೇಳದಿರುವುದು ವೃತ್ತಿಯ ಲೋಪಕ್ಕೆ ಸಮ ಎಂಬರ್ಥದ ಮಾತನ್ನು ಪೆಕ್ ಹೇಳಿದ್ದಾರೆ. ಒಂದೆರಡು ಪುಟದ ಆದೇಶ ಅದು. ಅದು ಕೈಯಲ್ಲಿದ್ದರೆ ಪ್ರಿವಿಲೆಜ್ ಅನುಮಾನವೇ ಇಲ್ಲದ ರಾಶಿಯನ್ನು ಎರಡೆರಡು ಸಲ ಜಾಲಿಸುವ ಅಗತ್ಯವಿಲ್ಲ. ಗುಟ್ಟು ಹೊರಗೆ ಹೋದ ಮೇಲೆ ಹಕ್ಕು ಉಳಿದರೂ ಎದುರಿನವರ ತಲೆಯಿಂದ ಅದನ್ನು ಅಳಿಸಲು ಆಗುವುದಿಲ್ಲ ಅನ್ನುವುದು ನಿಜ. ಅದಕ್ಕೇ ವಕೀಲರ ಹೆಸರಿರುವ ಮೇಲ್‌ಗಳನ್ನು ಜಾಗ್ರತೆಯಾಗಿ ನೋಡಿ, ಉಳಿದದ್ದಕ್ಕೆ ಅಷ್ಟೇ ಖರ್ಚು ಮಾಡಬೇಡಿ.

ಎದುರು ಪಕ್ಷ ಕೇಳಿದ್ದನ್ನೆಲ್ಲ ಕೊಡಬೇಕಾಗಿಯೂ ಇಲ್ಲ. 2015ರ ಡಿಸೆಂಬರ್‌ನಿಂದ ಫೆಡರಲ್ ಸಿವಿಲ್ ನಿಯಮ 26ರಲ್ಲಿ ಪ್ರಮಾಣದ ಮಾತು, ಅಂದರೆ ಕೇಸಿಗೆ ತಕ್ಕಷ್ಟೇ ಕೇಳಬೇಕು ಅನ್ನುವುದು, ಮುಂದಿನ ಸಾಲಿಗೇ ಬಂದಿದೆ. ಕೇಸಿನ ಮೊತ್ತ ಎಷ್ಟು, ವಿಷಯ ಎಷ್ಟು ಮುಖ್ಯ, ಖರ್ಚಿಗೆ ತಕ್ಕ ಉಪಯೋಗ ಇದೆಯಾ ಎಂದು ನೋಡಲೇಬೇಕು. ಆದರೆ ಜಡ್ಜ್ ಮುಂದೆ ಹೋಗಿ ತುಂಬಾ ಖರ್ಚಾಗುತ್ತದೆ ಸ್ವಾಮಿ ಎಂದು ಗೋಗರೆದರೆ ಕೇಳುವುದಿಲ್ಲ. ಇಷ್ಟು ಜನರ ಮೇಲ್, ಇಷ್ಟು ಹಿಟ್, ಇಷ್ಟು ಗಂಟೆ, ಸ್ಯಾಂಪಲ್‌ನಲ್ಲಿ ಬೇಕಾದದ್ದು ಸಿಕ್ಕಿದ್ದು ಇಷ್ಟೇ ಎಂದು ಅಂಕಿ ಇಟ್ಟರೆ ಕೇಳುತ್ತಾರೆ. ಆ ಅಂಕಿ ಫರ್ಮ್ ಹತ್ತಿರ ಇರುತ್ತದೆ. ನಿಮ್ಮ ಹತ್ತಿರ ಇರಬೇಕು.

ಗೆದ್ದರೆ ವಾಪಸ್ ಬರುತ್ತದೆ ಎಂಬ ಆಸೆಯೂ ಬೇಡ. 2012ರಲ್ಲಿ ಮೂರನೇ ಸರ್ಕ್ಯೂಟ್ ಕೋರ್ಟ್ ರೇಸ್ ಟೈರ್ಸ್ ಕೇಸಿನಲ್ಲಿ, ಗೆದ್ದವರಿಗೆ ಕೆಳ ಕೋರ್ಟ್ ಕೊಡಿಸಿದ್ದ ಸುಮಾರು 3.65 ಲಕ್ಷ ಡಾಲರ್ ಇ-ಡಿಸ್ಕವರಿ ಖರ್ಚನ್ನು ಸುಮಾರು 30 ಸಾವಿರಕ್ಕೆ ಇಳಿಸಿತು. ನಕಲು ಮಾಡಿದ ಖರ್ಚಷ್ಟೇ ಸಿಗುತ್ತದೆ ಎಂದಿತು.

ಹೋಸ್ಟಿಂಗ್ ಚಾರ್ಜ್, ಅಂದರೆ ದಾಖಲೆಗಳನ್ನು ಸರ್ವರ್‌ನಲ್ಲಿ ಇಡುವ ಬಾಡಿಗೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೇಸು ತಣ್ಣಗಾಗಿ ಎಷ್ಟೋ ತಿಂಗಳಾದರೂ ಗಿಗಾಬೈಟ್ ಲೆಕ್ಕದ ಬಾಡಿಗೆ ಓಡುತ್ತಲೇ ಇರುತ್ತದೆ. ಒಬ್ಬರು ಫೋನ್ ಮಾಡಿ ಅಗ್ಗದ ಆರ್ಕೈವ್‌ಗೆ ಹಾಕಿ ಅಂದರೆ ಆಯಿತು. ಆ ಒಬ್ಬರು ಯಾರು ಎಂದು ಯಾವ ಕಂಪನಿಯಲ್ಲೂ ಬರೆದಿರುವುದಿಲ್ಲ. ಅಳಿಸಿಬಿಡಿ ಎಂದು ಮಾತ್ರ ನಿಮ್ಮಷ್ಟಕ್ಕೆ ನೀವೇ ಹೇಳಬೇಡಿ. ಕೇಸು ಮುಗಿಯುವ ತನಕ, ಇನ್ನೊಂದು ಕೇಸು ಬರುವ ಸೂಚನೆ ಇದ್ದರೂ ಸಹ, ಇಟ್ಟುಕೊಳ್ಳುವುದು ನಿಮ್ಮ ಕರ್ತವ್ಯ.

ಈಗ ನನ್ನ ಕೋರಿಕೆ. ಮುಂದಿನ ಕೇಸು ಬಂದಾಗ, ಯಾರ ಯಾರ ಮೇಲ್‌ಬಾಕ್ಸ್ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸುವ ಮೊದಲ ಕಾಲ್‌ನಲ್ಲಿ ನಿಮ್ಮ ಕಡೆಯವರು ಒಬ್ಬರು ಇರಲಿ. ಫರ್ಮ್ 40 ಜನರ ಹೆಸರು ಹೇಳಿದರೆ, ಮೊದಲು 8 ಜನರದ್ದು ತೆಗೆದು ನೋಡೋಣ, ಉಳಿದವರದ್ದು ಹಾಗೇ ಕಾಪಾಡಿ ಇಡೋಣ ಅನ್ನಲಿ. ಡಿಡ್ಯೂಪ್ ಎಲ್ಲರ ನಡುವೆ ಸೇರಿ ಆಗುತ್ತಾ, ಥ್ರೆಡ್‌ನ ಕೊನೆಯ ಮೇಲ್ ಮಾತ್ರ ಓದುತ್ತಾರಾ, ಒಂದು ಡಾಕ್ಯುಮೆಂಟ್ ಸರಾಸರಿ ಎಷ್ಟು ಸಲ ತೆರೆಯಲಾಗುತ್ತದೆ ಎಂದು ಕೇಳಲಿ. ಉತ್ತರ ಅಲ್ಲೇ ಸಿಗದಿದ್ದರೆ ರಿವ್ಯೂ ಶುರುವಾಗುವುದು ಒಂದು ವಾರ ತಡವಾಗಲಿ. ಮತ್ತು ಬಿಲ್ ಓದುವ ನಮ್ಮಂಥವರನ್ನು ಆ ಕಾಲ್‌ಗೇ ಕರೆಯಿರಿ. ಅರ್ಧ ಗಂಟೆ ಸಾಕು, ಅದಕ್ಕೆ ನಾವು ಬಿಲ್ ಹಾಕುವುದಿಲ್ಲ.

ಇಂತಿ,
ನಿಮ್ಮ ಬಿಲ್‌ಗಳನ್ನು ಓದುವವರಲ್ಲಿ ಒಬ್ಬರು